ಅಮ್ಮನ ತಿಥಿ ಮತ್ತು ಸೊಂಟದ ಪಟ್ಟಿ

ಈ ವರ್ಷ ಜುಲೈ ಮೊದಲ ವಾರದ ಒಂದು ಬೆಳಗ್ಗೆ ಬಳ್ಳಾರಿಯ ನನ್ನ ಮನೆಯ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದೆ. ಬಲತೊಡೆಯ ಮೂಳೆ ಸೊಂಟದ ಸಂದಿಯ ಹತ್ತಿರ ಮುರಿಯಿತು. ಎರಡು ದಿನ ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿ, ಮೂಳೆಯ ತುದಿಯ ಗುಂಡನ್ನು ತೆಗೆದು ಲೋಹದ್ದನ್ನು ಕೂಡಿಸಿದರು.

ನಾನು ಪತ್ರಿಕೆಯೊಂದರ ಬಳ್ಳಾರಿ ಆವೃತ್ತಿಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಬ್ಬನೇ ಇರುತ್ತೇನೆ. ನನ್ನ ಮನೆ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಆದ್ದರಿಂದ ಆಸ್ಪತ್ರೆಯಿಂದ ನನ್ನನ್ನು ಸಿರುಗುಪ್ಪದಲ್ಲಿರುವ ತಮ್ಮನ ಮನೆಗೆ ಕರೆದೊಯ್ದರು. ತಮ್ಮ ಹೈಸ್ಕೂಲಿನಲ್ಲಿ ಗುಮಾಸ್ತ. ಮನೆಯಲ್ಲಿ ಅವನ ಹೆಂಡತಿ ಮತ್ತು ಎಂಬತ್ತು ದಾಟಿದ ನಮ್ಮ ಸೋದರತ್ತೆ ಇದ್ದಾರೆ.

ಹೊರಡುವ ಮೊದಲು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮೇಡಂ ಹಾಸಿಗೆಯ ಪಕ್ಕದಲ್ಲಿ ನಿಂತು ನಿಯಮ ಹೇಳಿದರು. ತಗ್ಗಿನ ಆಸನದಲ್ಲಿ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಮಂಡಿಗಿಂತ ಕೆಳಗೆ ಬಗ್ಗಬಾರದು. ಮಲಗುವಾಗ ಎರಡು ಕಾಲಿನ ನಡುವೆ ದಿಂಬು ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೊಸ ಗುಂಡು ತನ್ನ ಜಾಗ ಬಿಟ್ಟು ಹೊರಗೆ ಬರಬಹುದು.

"ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು?" ಎಂದು ಕೇಳಿದೆ.

"ಅದನ್ನು ಮರೆತುಬಿಡಿ" ಎಂದರು.

ನಾನು ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ತಾಯಿಯ ತಿಥಿ ಶ್ರಾವಣ ಬಹುಳದಲ್ಲಿ ಬರುತ್ತದೆ. ಅವರು ಹೋದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಸಿರುಗುಪ್ಪಕ್ಕೆ ಹೋಗಿ, ಮಡಿ ಉಟ್ಟು, ಮಣೆಯ ಮೇಲೆ ಕೂತು ನಾನೇ ಶ್ರಾದ್ಧ ಮಾಡಿದ್ದೇನೆ. ದೇವರು ದಿಂಡರ ವಿಷಯದಲ್ಲಿ ನಾನು ಅಷ್ಟೇನೂ ನಿಷ್ಠನಲ್ಲ. ಸಂಧ್ಯಾವಂದನೆ ಬಿಟ್ಟು ಎಷ್ಟೋ ಕಾಲವಾಗಿದೆ. ಆದರೆ ಈ ಒಂದು ಕೆಲಸವನ್ನು ಹಿರಿಯ ಮಗನಾಗಿ ನನ್ನ ಕೈಯಿಂದಲೇ ಮಾಡಬೇಕು ಎಂಬುದು ನನ್ನೊಳಗೆ ಗಟ್ಟಿಯಾಗಿ ಕೂತಿದೆ. ತಿಥಿಗೆ ಎರಡು ತಿಂಗಳೂ ಇರಲಿಲ್ಲ. ಅಷ್ಟರಲ್ಲಿ ಎದ್ದು ನಿಲ್ಲುವಂತಾಗಬೇಕು ಎಂದುಕೊಂಡೆ.

"ಸಿರುಗುಪ್ಪಕ್ಕೆ ದಿನಾ ಬರಲು ನನಗೆ ಆಗದು. ಏನೇನು ಮಾಡಿಸಬೇಕು ಎಂದು ನಾನು ಹೇಳಿಕೊಡುತ್ತೇನೆ. ಮಾಡಿಸಲಿಕ್ಕೆ ಒಬ್ಬ ಸಹಾಯಕರು ಬೇಕು" ಎಂದರು ಮೇಡಂ.

"ನಾನು ಹುಡುಕಿಕೊಳ್ಳುತ್ತೇನೆ" ಎಂದೆ. ಊರಲ್ಲಿ ಯಾರು ಏನು ಎಂದು ಪತ್ತೆ ಹಚ್ಚಿಸುವುದೇ ಇಷ್ಟು ವರ್ಷ ನನ್ನ ಕಸುಬಾಗಿತ್ತಲ್ಲ.

ಮೊದಲು ಬಂದವನು ಮಾಲೀಶಿನವನು. ಔಷಧಿ ಅಂಗಡಿಯವರು ಕಳಿಸಿದ್ದರು. ಕೈಯಲ್ಲಿ ಎಣ್ಣೆ ಬಾಟಲಿ ಹಿಡಿದೇ ಒಳಗೆ ಬಂದ. ಹೊಲಿಗೆ ಇನ್ನೂ ಹಸಿಯಾಗಿದೆ ಎಂದರೆ, "ಅದರ ಮ್ಯಾಲೇ ತಿಕ್ಕೋದ್ರಿ, ಅಂದ್ರ ನರ ಬಿಡ್ತಾವು" ಎಂದ. ಎರಡನೆಯವರು ಫೋನಿನಲ್ಲಿ ತಾವು ಫಿಸಿಯೋ ಎಂದೇ ಪರಿಚಯಿಸಿಕೊಂಡರು. ಮನೆಗೆ ಬಂದ ಮೇಲೆ ಚೀಲದಿಂದ ತೆಗೆದದ್ದು ಅಯಸ್ಕಾಂತ ಹೊಲಿದ ಬೆಲ್ಟುಗಳು. ಮೂರನೆಯವನು ಜಿಮ್ ಕಲಿಸುವವನು. "ಬಸ್ಕಿ ಹೊಡಸ್ತೀನ್ರಿ ಸರ್, ತೊಡಿ ಕಲ್ಲಾಗತೈತಿ" ಎಂದ. ಯಾರ ಹತ್ತಿರ ಕಲಿತಿರಿ, ನಿಮ್ಮ ಕೆಲಸವನ್ನು ಯಾರಿಗೆ ತಿಳಿಸುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಮೂವರಿಗೂ ಕೇಳಿದೆ. ಮೂವರೂ ಮಾತು ಹಾರಿಸಿದರು, ವಾಪಸು ಕಳಿಸಿದೆ.

ಕೊನೆಗೆ ಮೇಡಂಗೆ ಫೋನ್ ಮಾಡಿದೆ. "ಅವತ್ತೇ ಕೇಳಿದ್ದರೆ ಹೇಳುತ್ತಿದ್ದೆನಲ್ಲ. ನಮ್ಮ ಅಸಿಸ್ಟೆಂಟೇ ಒಬ್ಬರು ಕುರುಗೋಡಿನಲ್ಲಿ ಇದ್ದಾರೆ" ಎಂದರು. ಇನ್ನೊಬ್ಬರ ಮುಂದೆ ಸಣ್ಣವನಾಗುವುದು ಆ ಕ್ಷಣದಿಂದಲೇ ಶುರುವಾಯಿತು.

ಕುರುಗೋಡಿನಿಂದ ಬಂದವರು ಗಂಡಸು, ವಯಸ್ಸು ಮೂವತ್ತರ ಮೇಲೆ ಸ್ವಲ್ಪ ಇರಬಹುದು. ರೈತರ ಮನೆಯವರು. ಎತ್ತರದ ಆಳು, ಅದಕ್ಕಿಂತ ಎತ್ತರದ ಧ್ವನಿ. ಫೋನಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಬರುವುದು ಯಾವಾಗಲೂ ತಡ, ತಪ್ಪು ಯಾವಾಗಲೂ ಬಸ್ಸಿನದು. ಮೊದಲ ದಿನ ತಮ್ಮನ ಹೆಂಡತಿ ಬಾಗಿಲು ತೆಗೆದು "ಡಾಕ್ಟರು ಬಂದ್ರು" ಎಂದು ಒಳಗೆ ಕೂಗಿದಳು.

"ಡಾಕ್ಟ್ರಲ್ರಿ ಅಕ್ಕಾರ, ಅಸಿಸ್ಟೆಂಟು. ಡಾಕ್ಟ್ರು ಅಂದ್ರ ನಾಳಿ ಓಣ್ಯಾಗಿನವ್ರೆಲ್ಲ ಬಿಪಿ ತೋರ್ಸಾಕ ಬರ್ತಾರ. ನನ್ನ ಹತ್ರ ಬಿಪಿ ಮಿಷಿನ್ನೂ ಇಲ್ಲ."

ಅವರಿಗೂ ನನ್ನ ಎರಡು ಪ್ರಶ್ನೆಗಳನ್ನು ಕೇಳಿದೆ. ಕಲಿತದ್ದನ್ನು ಹೇಳಿದರು. ತಿಳಿಸುವುದು ಮೇಡಂಗೆ, ಪ್ರತಿ ಸಲ ಮುಗಿಸಿದ ಮೇಲೆ ಫೋನಿನಲ್ಲಿ, ಎಂದರು.

"ಹಾಗಾದರೆ ನಿಮ್ಮ ಕೆಲಸ ಯಾವುದು, ಅವರ ಕೆಲಸ ಯಾವುದು?"

"ಲಾರಿ ಓಡ್ಸೋದು ಮೇಡಮ್ಮಾರು ಸರ್. ನಾನು ಕ್ಲೀನರ್. ಹಿಂದ ನಿಂತು ಬರ್ಲಿ, ಬರ್ಲಿ, ರೈಟ್ ಅಂತೀನಿ. ಗುಂಡಿ ಕಂಡ್ರ ಬಡದು ನಿಲ್ಲಸ್ತೀನಿ. ಸ್ಟೀರಿಂಗ್ ಮಾತ್ರ ಮುಟ್ಟಂಗಿಲ್ಲ."

ಅವರು ಮಾಡುತ್ತಿದ್ದದ್ದು ಇದೇ. ಪಾದ ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಎಳೆಯುವುದು, ತೊಡೆ ಬಿಗಿ ಮಾಡುವುದು, ವಾಕರ್ ಹಿಡಿದು ನಿಲ್ಲುವುದು. ಎಲ್ಲವೂ ಮೇಡಂ ಹೇಳಿದ್ದು. ನೋವು ಹೆಚ್ಚಾದರೆ ನಿಲ್ಲಿಸುತ್ತಿದ್ದರು. ಏಕೆ ಹೆಚ್ಚಾಯಿತು ಎಂದರೆ, "ಅದು ನನಗ ಹೇಳಾಕ ಬರಲ್ಲ, ಕೇಳ್ತೀನಿ ತಡೀರಿ" ಎಂದು ಫೋನ್ ತೆಗೆಯುತ್ತಿದ್ದರು. ಮೊದಮೊದಲು ಇದು ನನಗೆ ಕೈಲಾಗದವರ ಮಾತಿನಂತೆ ಕೇಳುತ್ತಿತ್ತು.

ನಾಚಿಕೆ ಬೇರೆ ಕಡೆಯಿಂದ ಬಂತು. ನಡುಮನೆಯ ಪಕ್ಕದ ಕೋಣೆಯಲ್ಲಿ ನನ್ನ ಮಂಚ. ಅದರ ಪಕ್ಕದಲ್ಲಿ ಎತ್ತರದ ಕಮೋಡ್ ಕುರ್ಚಿ. ಗೋಡೆಯ ಆಚೆ ಅತ್ತೆ ಜಪ ಮಾಡುವುದು ಕೇಳುತ್ತಿತ್ತು, ಅಂದರೆ ಈಚೆಯದೂ ಅವರಿಗೆ ಕೇಳುತ್ತಿತ್ತು. ಮೊದಲ ವಾರ ಮಗ್ಗುಲಾಗುವಾಗ ಲುಂಗಿ ನನ್ನ ಹಿಡಿತದಲ್ಲಿ ಇರುತ್ತಿರಲಿಲ್ಲ. ಒಮ್ಮೆ ಹಾಗೆ ಆದಾಗಲೇ ತಮ್ಮನ ಹೆಂಡತಿ ಕಾಫಿ ಹಿಡಿದು ಬಂದು, ಬಾಗಿಲಲ್ಲೇ ತಿರುಗಿ ಹೋದಳು. ನಾನು ಕಣ್ಣು ಮುಚ್ಚಿಕೊಂಡೆ.

"ನಾಚ್ಕೋಬ್ಯಾಡ್ರಿ ಸರ್. ನಮ್ಮ ಮನ್ಯಾಗ ಎತ್ತಿಗೆ ಇದಕ್ಕಿಂತ ಜಾಸ್ತಿ ಮಾಡೀನಿ. ಅದು ಒದೀತಿತ್ತು. ನೀವು ಬರೀ ಮುಖಾ ಹಿಂಡ್ತೀರಿ" ಎಂದು ಅಸಿಸ್ಟೆಂಟರು ಲುಂಗಿ ಸರಿಮಾಡಿದರು.

ಕಾಲು ಊರಲು ಬಂದ ಮೇಲೆ ತಿಥಿಯ ವಿಷಯ ಎತ್ತಿದೆ. ನೆಲದ ಮೇಲೆ ಕೂರುವುದನ್ನು ಈಗಿಂದಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ ಎಂದೆ.

"ಆಗಲ್ರಿ."

"ಒಂದೇ ದಿನಕ್ಕೆ. ಒಂದೆರಡು ತಾಸು."

"ಒಂದು ನಿಮಿಷಕ್ಕೂ ಆಗಲ್ರಿ. ಬೇಕಂದ್ರ ಮೇಡಮ್ಮಾರ ಜೊತಿ ಜಗಳಾಡ್ರಿ, ನಾನು ಸ್ಪೀಕರ್ ಹಾಕ್ತೀನಿ."

ಹಾಕಿಯೇಬಿಟ್ಟರು. ಮೇಡಂ ಪೂರ್ತಿ ಕೇಳಿಸಿಕೊಂಡು, ನೆಲ ಬೇಡ, ಕೈಯಿರುವ ಎತ್ತರದ ಕುರ್ಚಿ ಆಗಬಹುದು, ಎಲ್ಲ ಸಾಮಾನೂ ಬಗ್ಗದೆ ಕೈಗೆ ಸಿಗುವಂತೆ ಮೇಜಿನ ಮೇಲೆ ಇರಬೇಕು, ಏಳುವಾಗ ಕೂರುವಾಗ ಅಸಿಸ್ಟೆಂಟರು ತರುವ ಹಿಡಿಕೆಯಿರುವ ಸೊಂಟದ ಪಟ್ಟಿ ಕಟ್ಟಿ ಒಬ್ಬರು ಹಿಡಿದಿರಬೇಕು ಎಂದರು. ಪುರೋಹಿತರನ್ನು ಕೇಳಿದೆವು. ಅಶಕ್ತರಿಗೆ ಮರದ ಕುರ್ಚಿ ನಡೆಯುತ್ತದೆ ಎಂದರು. ಒಪ್ಪದವರು ಅತ್ತೆ ಒಬ್ಬರೇ.

"ಕುರ್ಚಿ ಮ್ಯಾಲೆ ಕೂತು ತಾಯಿಗೆ ಪಿಂಡ ಹಾಕ್ತಾನಂತ. ಶ್ರಾದ್ಧ ಮಾಡ್ಲಿಕ್ಕೆ ಹತ್ಯಾನೋ, ಬಸ್ ಸ್ಟ್ಯಾಂಡಿನಾಗ ಪಾಸ್ ಕೊಡ್ಲಿಕ್ಕೆ ಹತ್ಯಾನೋ?"

"ಅತ್ಯಾ, ಇಲ್ಲಾಂದ್ರ ತಮ್ಮ ಮಾಡಬೇಕಾಗ್ತದ" ಎಂದೆ.

"ಮಾಡ್ಲಿ. ಅವನೂ ಅದೇ ಹೊಟ್ಟ್ಯಾಗ ಹುಟ್ಯಾನಲ್ಲ?"

ಕುರ್ಚಿ ಎಂದು ಗಟ್ಟಿಮಾಡಿಕೊಂಡೆ.

ಉಳಿದದ್ದು ಹಿಡಿಯುವವರ ಪ್ರಶ್ನೆ. ಸ್ನಾನವಾಗಿ ಮಡಿ ಉಟ್ಟ ಮೇಲೆ, ಕರ್ಮ ಮುಗಿಯುವ ತನಕ ಮಡಿಯಲ್ಲಿ ಇಲ್ಲದವರು ಶ್ರಾದ್ಧ ಮಾಡುವವನನ್ನು ಮುಟ್ಟುವ ಹಾಗಿಲ್ಲ. ಆದ್ದರಿಂದ ತಮ್ಮನಿಗೆ ಕಲಿಸಬೇಕಾಯಿತು. ಅದನ್ನು ಅಸಿಸ್ಟೆಂಟರಿಗೆ ಹೇಗೆ ಹೇಳುವುದೆಂದು ಬೆಳಗಿನಿಂದ ವಾಕ್ಯ ಜೋಡಿಸಿದೆ. ಕೊನೆಗೆ ಸರ್ಕಾರಿ ಪ್ರಕಟಣೆ ಓದಿದ ಹಾಗೆ ಹೇಳಿದೆ: ಇದು ಒಂದು ವಿಧಿ, ಯಾರಿಗೂ ವಿನಾಯಿತಿ ಇಲ್ಲ, ಸ್ವಂತ ಮನೆಯವರಿಗೂ ಅನ್ವಯಿಸುತ್ತದೆ.

"ಗೊತ್ತೈತ್ರಿ ಸರ್" ಎಂದರು. "ನಮ್ಮ ಕಡೆನೂ ನಿಮ್ಮವ್ರ ಮನಿ ಅದಾವು." ಆಮೇಲೆ ಎಂದಿನ ದನಿಯಲ್ಲಿ, "ಮನ್ಯಾಗಿನವ್ರಿಗೆ ಕಲ್ಸೋದೂ ನಮ್ಮ ಕೆಲಸಾನ. ನಾನೇನು ನಿಮ್ಮ ಹಿಂದ ಬಳ್ಳಾರಿಗೆ ಬಂದು ಇರ್ತೀನೇನು? ಕರೀರಿ ಅಣ್ಣಾರನ್ನ."

ತಮ್ಮ ಬಂದು ನನ್ನ ರಟ್ಟೆ ಹಿಡಿದ. ಹುಡುಗರಾಗಿದ್ದಾಗ ಕೆಂಚನಗುಡ್ಡದ ಹೊಳೆಯಲ್ಲಿ ಅವನಿಗೆ ಈಜು ಕಲಿಸಿದ ಮೇಲೆ ನಾವಿಬ್ಬರು ಒಬ್ಬರನ್ನೊಬ್ಬರು ಹಿಡಿದದ್ದು ನೆನಪಿಲ್ಲ.

"ರಟ್ಟಿ ಹಿಡ್ದು ಜಗ್ಗಬ್ಯಾಡ್ರಿ ಅಣ್ಣಾರ! ಅವ್ರೇನು ಬಾವ್ಯಾಗ ಬಿದ್ದ ಕೊಡ ಅದಾರೇನು? ಪಟ್ಟಿ ಹಿಡೀರಿ. ಅವ್ರು ಕುರ್ಚಿ ಕೈ ಊರಿ ತಾವಾ ಏಳ್ತಾರ, ನೀವು ಬರೀ ಬೀಳದಂಗ ನೋಡ್ರಿ. ಬಲಗಾಲು ಮುಂದ, ಎಡಗಾಲಿನ ಮ್ಯಾಲೆ ಭಾರ. ಹಾಂ. ಈಗ ಉಸ್ರು ಬಿಡ್ರಿ, ಇಬ್ರೂ ಬಿಡ್ರಿ."

ತಮ್ಮ ಕಲಿತ. ತಿಥಿಯ ದಿನ ಅಸಿಸ್ಟೆಂಟರ ಸರದಿ ಇರಲಿಲ್ಲ. ಆದರೂ ಬಂದು ನಿಂತಿರಬೇಕೆಂದು ನಾನೇ ಕೇಳಿಕೊಂಡೆ. ನಡುಮನೆಯ ಹೊಸ್ತಿಲ ಹೊರಗೆ ಎಂದೂ ನಾನೇ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಯಿತು. ಮಾತು ಬದಲಿಸಲಿಲ್ಲ.

ತಿಥಿಯ ಬೆಳಗ್ಗೆ ಅವರ ಬಸ್ಸು ಸಮಯಕ್ಕೆ ಸರಿಯಾಗಿ ಬಂತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ತಮ್ಮ ನನಗೆ ಸ್ನಾನ ಮಾಡಿಸಿದ. ಮಡಿ ಪಂಚೆ ಉಡಿಸಿದ. ಸೊಂಟದ ಪಟ್ಟಿ ತರಲು ಹೋದಾಗ ಅತ್ತೆ ತಡೆದರು.

"ಅದು ಯಾರ್ಯಾರ ಸೊಂಟಕ್ಕ ಕಟ್ಟಿದ್ದೋ! ತಾಯಿ ಶ್ರಾದ್ಧಕ್ಕ ಅದನ್ನ ಕಟ್ಕೊಂಡು ಕೂಡ್ತಾನೇನು? ಮಡಿ ಪಂಚಿ ಅದ ನೋಡು, ಅದನ್ನ ಕಟ್ಟು. ಬಟ್ಟೀನ ಅಲ್ಲೇನು ಎರಡೂ?"

ತಮ್ಮ ನನ್ನ ಮುಖ ನೋಡಿದ. ಪುರೋಹಿತರು ಆಗಲೇ ಬಂದಿದ್ದರು. ಊಟಕ್ಕೆ ಹೇಳಿದ್ದ ಬ್ರಾಹ್ಮಣರೂ ಬಂದು ಕಾಲು ತೊಳೆಯುತ್ತಿದ್ದರು. "ಕಟ್ಟು" ಎಂದೆ. ಮಡಿಯಲ್ಲಿ ಒಣಗಿಸಿದ ಪಂಚೆಯನ್ನು ಮಡಿಚಿ ಸೊಂಟಕ್ಕೆ ಸುತ್ತಿ ಗಂಟು ಹಾಕಿದ.

ಹೊಸ್ತಿಲ ಹೊರಗಿನಿಂದ ಅದು ಅಸಿಸ್ಟೆಂಟರಿಗೆ ಕಂಡಿತು. "ಪಟ್ಟಿ ಎಲ್ರಿ? ಅಣ್ಣಾರ, ಇದು ಜಾರತೈತಿ. ಗಂಟು ಹಿಡಿ ಕೊಡಂಗಿಲ್ಲ. ಸರ್, ಬ್ಯಾಡ್ರಿ."

"ಇರಲಿ ಬಿಡ್ರಿ, ನಡೀತದ" ಎಂದೆ.

"ಮೇಡಮ್ಮಾರನ್ನ ಕೇಳ್ತೀನಿ."

"ಈಗ ಬ್ಯಾಡ."

ಕರ್ಮ ಶುರುವಾಯಿತು. ಕುರ್ಚಿ ಎತ್ತರವಾಗಿತ್ತು, ಮೇಜು ಸರಿಯಾಗಿತ್ತು, ಎಳ್ಳು ನೀರು ಬಿಡಲು ಬಗ್ಗಬೇಕಾಗಲಿಲ್ಲ. ಅದರ ನಡುವೆ, ರಾಯಚೂರಿನಿಂದ ಬಂದಿದ್ದ ತಮ್ಮನ ಅಳಿಯ, ಪ್ಯಾಂಟು ಶರ್ಟಿನಲ್ಲೇ ಇದ್ದವನು, ನಾನು ಹಿಂದಕ್ಕೆ ವಾಲುವುದನ್ನು ಕಂಡು ದಿಂಬು ತಂದು ನನ್ನ ಹೆಗಲು ಹಿಡಿದು ಬೆನ್ನಿಗೆ ಕೊಟ್ಟು ಹೋದ. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಎಲೆಯ ಮುಂದೆ ಕೂತವರ ಕೈಗೆ ನೀರು ಬಿಡಲು ಏಳಬೇಕಾದ ಹೊತ್ತು ಬಂತು. ನೆಲಕ್ಕೆ ನೀರು ಚೆಲ್ಲಿತ್ತು. ಕುರ್ಚಿಯ ಕೈ ಊರಿ ಎದ್ದೆ. ತಮ್ಮ ಪಂಚೆಯ ಗಂಟು ಹಿಡಿದಿದ್ದ. ಅರ್ಧ ಎದ್ದಾಗ ಎಡಗಾಲು ಜಾರಿತು. ಗಂಟು ಎದೆಯ ತನಕ ಸರಿದು ಬಂತು, ತಮ್ಮನ ಕೈಯಲ್ಲಿ ಬಟ್ಟೆ ಮಾತ್ರ ಉಳಿಯಿತು. ಹೊಸ್ತಿಲ ಕಡೆಯಿಂದ ಅಸಿಸ್ಟೆಂಟರು ಓಡಿ ಬರುವುದು ಕಂಡಿತು. ಎರಡು ಕೈ ಚಾಚಿದ್ದರು.

"ಮುಟ್ಟಬ್ಯಾಡೋ!" ಎಂದೆ.

ಅಂದದ್ದು ಅತ್ತೆಯಲ್ಲ, ಪುರೋಹಿತರಲ್ಲ. ನಾನು. ಮನೆಯೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಅವರು ಆಗಲೇ ಹಿಡಿದಿದ್ದರು. ಒಂದು ಕೈ ಸೊಂಟಕ್ಕೆ, ಇನ್ನೊಂದು ಎದೆಗೆ. ನನ್ನ ಭಾರವೆಲ್ಲ ಅವರ ಮೇಲಿತ್ತು.

"ಆಮ್ಯಾಲೆ ಬೈರಿ ಸರ್. ಮೊದ್ಲು ಎಡಗಾಲು ಊರ್ರಿ. ಬಲಗಾಲು ತಿರುವಬ್ಯಾಡ್ರಿ. ಅಣ್ಣಾರ, ಕುರ್ಚಿ ದೂಡ್ರಿ."

ಕೂರಿಸಿದರು. ಕೂರಿಸಿ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

ತಮ್ಮ ಕೇಳಿದ: "ಏನೂ ಆಗಿಲ್ಲ ಅಲ್ಲ?"

"ನನಗ ಹೇಳಾಕ ಬರಲ್ರಿ ಅಣ್ಣಾರ. ತಿರುವಿದಂಗ ಆತು. ಇನ್ನ ನಿಲ್ಲಬಾರ್ದು ಅಷ್ಟ. ಮೇಡಮ್ಮಾರು ನೋಡ್ಲಿ." ಇಷ್ಟು ಹೇಳಿ ಹೊರಗೆ ಹೋಗಿ ಫೋನ್ ಮಾಡಿದರು. ಏನೂ ಆಗಿಲ್ಲ ಎಂದುಬಿಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ನನ್ನ ತೊಡೆಯಲ್ಲಿ ನೋವು ಏರುತ್ತಿತ್ತು. ಬಳ್ಳಾರಿಗೆ ಕರೆತಂದು ಎಕ್ಸ್‌ರೇ ತೆಗೆಸಿ ಎಂದರು ಮೇಡಂ.

ಪುರೋಹಿತರು ತಮ್ಮನನ್ನು ಕರೆದು ಮಣೆಯ ಮೇಲೆ ಕೂರಿಸಿದರು. ನನ್ನನ್ನು ಕಾರಿಗೆ ಒಯ್ಯುವಾಗ ಅವನು ಪಿಂಡಕ್ಕೆ ಅನ್ನ ಕಲಸುತ್ತಿದ್ದ. ಅಮ್ಮನ ಹೆಸರು, ಗೋತ್ರ ಅವನ ದನಿಯಲ್ಲಿ ಕೇಳಿಸಿತು.

ಅಳಿಯ ಕಾರು ನಡೆಸಿದ. ಹಿಂದಿನ ಸೀಟಿನಲ್ಲಿ ನಾನು ಕಾಲು ಚಾಚಿ ಒರಗಿದ್ದೆ. ಅಸಿಸ್ಟೆಂಟರು ನನ್ನ ಕಾಲುಗಳ ನಡುವೆ ದಿಂಬು ಹಿಡಿದು ಮೂಲೆಗೆ ಒತ್ತಿಕೊಂಡು ಕೂತಿದ್ದರು. ಗದ್ದೆ, ಕಾಲುವೆ, ಅಕ್ಕಿ ಗಿರಣಿ ದಾಟಿ ಹೋಯಿತು. ಅಷ್ಟು ಮಾತಾಡುವವರು ಬಳ್ಳಾರಿ ಬರುವ ತನಕ ಮಾತಾಡಲಿಲ್ಲ. ಹೇಳಬೇಕಾದ ವಾಕ್ಯ ನನ್ನ ಬಾಯಲ್ಲಿತ್ತು. ಅಳಿಯನ ಎದುರಿಗೆ ಬೇಡ, ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುವಾಗ ಅವರು ಹೊರಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಒಂದು ಪೊಟ್ಟಣ ನನ್ನ ಕಡೆ ಚಾಚಿದರು.

"ಇವತ್ತು ನಾನು ತಿನ್ನುವ ಹಾಗಿಲ್ಲ. ಶ್ರಾದ್ಧ" ಎಂದೆ. ಅದು ನಿಜ. ಆದರೂ ಚಾಚಿದ ಕೈ ಹಿಂದಕ್ಕೆ ಹೋಗುವುದನ್ನು ನೋಡಲಾಗಲಿಲ್ಲ.

"ಹಂಗಾರ ನನಗ ಎರಡು" ಎಂದು ಅಳಿಯನಿಗೆ ಒಂದು ಕೊಟ್ಟು ತಾವು ತಿಂದರು.

ಎಕ್ಸ್‌ರೇಯಲ್ಲಿ ಗುಂಡು ತನ್ನ ಜಾಗದಲ್ಲೇ ಇತ್ತು. ಸ್ನಾಯು ಎಳೆದಿದೆ, ಕೆಲವು ದಿನ ವಿಶ್ರಾಂತಿ ಎಂದರು ಮೇಡಂ. ಆಮೇಲೆ ಅಸಿಸ್ಟೆಂಟರ ಕಡೆ ತಿರುಗಿದರು.

"ಹೇಗಾಯಿತು?"

"ನೆಲ ಹಸಿ ಇತ್ತು ಮೇಡಂ. ಪಟ್ಟಿ ಇದ್ದಿಲ್ಲ, ಪಂಚಿ ಕಟ್ಟಿದ್ರು. ಅಣ್ಣಾರ ಕೈಯಾಗಿಂದ ಜಾರಿತು. ನಾನು ಬಾಗ್ಲಾಗ ಇದ್ದೆ, ಹೋಗಿ ಹಿಡದೆ."

"ಪಟ್ಟಿ ಏಕಿರಲಿಲ್ಲ? ನೀವು ಹೇಳಲಿಲ್ಲವೇ?"

"ಹೇಳಿದ್ದೆ ಮೇಡಂ. ಒತ್ತಿ ಹೇಳ್ಬೇಕಿತ್ತು."

ಮೇಡಂ ನನ್ನ ಮುಖ ನೋಡಿದರು. ಪಟ್ಟಿ ಬೇಡವೆಂದದ್ದು ನಾನು ಎಂದೆ. ಅಷ್ಟನ್ನು ಹೇಳಿದೆ. ವರದಿಗಾರರು ತಂದ ಸುದ್ದಿಯಲ್ಲಿ ಮಾತು ಬಿಟ್ಟುಹೋಗಿದ್ದರೆ, ಅಲ್ಲಿ ಯಾರು ಏನಂದರು, ಅವರದೇ ಮಾತಿನಲ್ಲಿ ಬರೆದು ತಾ ಎಂದು ವಾಪಸು ಕಳಿಸುತ್ತಿದ್ದವನು ನಾನು. ಈ ವರದಿಯಲ್ಲಿ ನನ್ನದೇ ಒಂದು ಮಾತು ಬಿಟ್ಟುಹೋಗಿತ್ತು. ಮೇಡಂ, ಅಸಿಸ್ಟೆಂಟರು, ನಾನು ಮೂವರೇ ಇದ್ದೆವು. ಅದನ್ನು ನಾನು ಸೇರಿಸಲಿಲ್ಲ.

ಸಂಜೆ ನಾವು ಸಿರುಗುಪ್ಪಕ್ಕೆ ಮರಳುವ ಮೊದಲು ಅಸಿಸ್ಟೆಂಟರು ಕುರುಗೋಡಿನ ಬಸ್ಸು ಹತ್ತಿದರು. ಮನೆಗೆ ಬಂದಾಗ ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. ಎಲ್ಲ ಸಾಂಗವಾಗಿ ಮುಗಿಯಿತು, ಕಾಗೆ ಕೂಡಲೇ ಮುಟ್ಟಿತು ಎಂದ. ರಾತ್ರಿ ಫಲಾಹಾರದ ಹೊತ್ತಿಗೆ, "ಅಣ್ಣ, ಮಡಿ ಅಂದ್ರ ಎಲ್ಲಾರಿಗೂ ಒಂದ. ಯಾರು ಓಡಿ ಬಂದಿದ್ರೂ ನೀನು ಹಂಗ ಅಂತಿದ್ದಿ" ಎಂದ. ಸಮಾಧಾನಕ್ಕೆ ಹೇಳಿದ್ದು. ಅವನ ಅಳಿಯ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ. ನಾನು ತಟ್ಟೆ ನೋಡಿದೆ.

ವಿಶ್ರಾಂತಿ ಮುಗಿದ ಮೇಲೆ ಅಸಿಸ್ಟೆಂಟರು ಮತ್ತೆ ಬರತೊಡಗಿದರು. ಮೊದಲ ದಿನ ಅವರು ಕೈ ತೊಳೆದು ಬಂದಾಗ ಹೇಳಿಬಿಡಬೇಕೆಂದು ಎದ್ದು ಕೂತಿದ್ದೆ. "ಅವತ್ತು ನಾನು ಅಂದದ್ದು..." ಎಂದು ಶುರುಮಾಡಿದೆ.

"ಅವತ್ತು ಎಡಗಾಲು ಊರ್ರಿ ಅಂದಾಗ ನೀವು ಊರಿದ್ರಿ ಸರ್, ಅದು ಚೊಲೋ ಆತು" ಎಂದು ಪಾದ ಹಿಡಿಯಲು ಬಗ್ಗಿದರು. ಬಗ್ಗಿದವರು ತಡೆದು, ಮೇಲೆ ನೋಡಿ ಕೇಳಿದರು: "ಮುಟ್ಲೇನ್ರಿ?"

ನಗೆಚಾಟಿಕೆ ಎಂದುಕೊಂಡೆ. ಮುಖದಲ್ಲಿ ನಗೆ ಇರಲಿಲ್ಲ.

ಮೊನ್ನೆ ಬಳ್ಳಾರಿಯ ತಪಾಸಣೆಯಲ್ಲಿ ಮೇಡಂ, ನೆಲದ ಮೇಲೆ ಕೂರುವುದು ಮುಂದೆಯೂ ಬೇಡ ಎಂದರು. ವಾಕರ್ ಬಿಟ್ಟು ಕೋಲಿಗೆ ಬರಬಹುದು ಎಂದರು. ನಿನ್ನೆ ಅಸಿಸ್ಟೆಂಟರು ಕೋಲು ತಂದರು. ಅತ್ತೆ ಅವರಿಗೆ ಕಾಫಿ ಕಳಿಸಿದರು. ಸೊಂಟದ ಪಟ್ಟಿ ಕಟ್ಟುವ ಮೊದಲು ಅವರು ಮತ್ತೆ ಮುಟ್ಲೇನ್ರಿ ಎಂದು ಕೇಳಿದರು, ನಾನು ಹೂಂ ಎಂದೆ. ಕೋಣೆಯ ಬಾಗಿಲ ತನಕ ಹೋಗಿ ಬಂದೆವು.